ಭುಜದ ಪಕ್ಕದ ಬೆರಳು

ಬಾಣ ಮತ್ತೆ ಹಾರಿ ಪರದೆಯ ಮೂಲೆಗೆ ಹೋಗಿ ಕೂತಿತು. ಅವಳು ಬೆರಳನ್ನು ತೊಡೆಗೆ ಒರೆಸಿಕೊಂಡು ಟಚ್‌ಪ್ಯಾಡಿನ ಮೇಲೆ ಇನ್ನೊಮ್ಮೆ ಇಟ್ಟಳು. ಬಾಣ ಕದಲಲಿಲ್ಲ. ಒತ್ತಿದಳು, ಆಗಲೂ ಕದಲಲಿಲ್ಲ. ಸಾಕೆಂದು ಬೆರಳೆತ್ತುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಓಡಿ, ಯಾವುದೋ ಹಳೆಯ ಕ್ಯಾಲೆಂಡರನ್ನು ತೆರೆದಿಟ್ಟಿತು.

"ಮೌಸ್ ಇಲ್ವಾ ಅತ್ತಿಗೆ?" ಮೈದುನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

"ಅಂಗಡೀಲಿದೆ."

"ಅಂಗಡಿ ಬೀಗದ ಕೈ?"

ಬೀಗದ ಕೈ ಗಂಡನ ಪ್ಯಾಂಟಿನ ಜೇಬಿನಲ್ಲಿತ್ತು. ಪ್ಯಾಂಟು ಆಸ್ಪತ್ರೆಯವರು ಕಟ್ಟಿಕೊಟ್ಟ ಚೀಲದಲ್ಲಿತ್ತು. ಆ ಚೀಲ ಅವಳ ಕಣ್ಣಿಗೆ ಬೀಳಬಾರದೆಂದು ಯಾರೋ ಎಲ್ಲಿಯೋ ಎತ್ತಿಟ್ಟಿದ್ದರು. ಇಷ್ಟನ್ನೆಲ್ಲ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ. "ಬಿಡು," ಎಂದಳು.

"ಊರೋರ ಕಂಪ್ಯೂಟರೆಲ್ಲ ಸರಿ ಮಾಡ್ತಿದ್ದ. ತನ್ನ ಮನೇದು ನೋಡಿ ಹೇಗಿಟ್ಟಿದ್ದಾನೆ," ಎಂದು ಮೈದುನ ನಗಲು ಹೋದ. ನಗು ಅರ್ಧಕ್ಕೇ ಮುರಿಯಿತು. ಗೋಡೆಯ ಕಡೆ ತಿರುಗಿ ನಿಂತು ಬಿಟ್ಟ.

ಅವಳಿಗೆ ಬೇಕಾಗಿದ್ದುದು ಒಂದು ಫೋಟೋ. ಸ್ಮಶಾನಕ್ಕೆ ಒಯ್ಯುವ ವಾಹನ ಬರುವುದಕ್ಕೆ ಮುಂಚೆ ಅದನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಕೊಡುತ್ತೇನೆಂದು ಸ್ಟುಡಿಯೋದವನು ಹೇಳಿದ್ದ. ಅವಳ ಫೋನಿನಲ್ಲಿದ್ದ ಗಂಡ ಎಲ್ಲ ಕಡೆಯೂ ಬಗ್ಗಿಯೇ ಇದ್ದ: ನೆತ್ತಿ, ಬೆನ್ನು, ಸ್ಕ್ರೂಡ್ರೈವರ್ ಹಿಡಿದ ಮುಂಗೈ. ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿದ್ದ. ಗುರುತಿನ ಚೀಟಿಯಲ್ಲಿ ಪೊಲೀಸರು ಹುಡುಕುತ್ತಿರುವವನ ಹಾಗೆ ಕಾಣುತ್ತಿದ್ದ. ಮುಂದಿನ ಹಲ್ಲೊಂದರ ತುದಿ ಮುರಿದಿದ್ದ ಕಾರಣ ಕ್ಯಾಮೆರಾ ಕಂಡರೆ ತುಟಿ ಬಿಗಿಯುತ್ತಿದ್ದ ಮನುಷ್ಯ ಅವನು. ಹೆಂಡತಿಯ ಎದುರೂ ಕೈ ಅಡ್ಡ ಹಿಡಿದುಕೊಂಡೇ ನಗುತ್ತಿದ್ದ. ಈ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲಾದರೂ ಒಂದು ಒಳ್ಳೆಯ ಮುಖ ಸಿಕ್ಕೀತೆಂದು ಬೆಳಗಿನಿಂದ ಅವಳು ಅದರೊಡನೆ ಗುದ್ದಾಡುತ್ತಿದ್ದಳು.

ಮುಂದಿನ ಕೋಣೆಯಲ್ಲಿ, ಅವನನ್ನು ಮಲಗಿಸಿದ್ದ ಕಡೆ, ತಗ್ಗಿದ ದನಿಯಲ್ಲಿ ಮಾತು ನಡೆದಿತ್ತು. ತಗ್ಗಿದ ದನಿಯೇ ಗೋಡೆ ದಾಟಿ ಹೆಚ್ಚು ಸ್ಪಷ್ಟವಾಗಿ ಕೇಳುತ್ತದೆ.

"ಅಂಗಡೀಲಿ ಬಿದ್ನಾ?" ಯಾರೋ ನೆರೆಯಾಕೆ.

"ಅಂಗಡೀಲಲ್ಲ." ಇದು ಗಂಡನ ಚಿಕ್ಕಮ್ಮ. "ಮನೆ ಪ್ಲಾನ್ ಹಾಕಿಕೊಡ್ತಾಳಲ್ಲ, ಒಂಟಿ ಹೆಂಗಸು, ಅವಳ ಮನೆ ಮೆಟ್ಟಿಲ ಮೇಲೆ."

"ಅಲ್ಲೇನು ಕೆಲಸ?"

"ಕಂಪ್ಯೂಟರ್ ಕೆಲಸ."

"ಓ."

"ಒಂದು ಕಂಪ್ಯೂಟರು ಎಷ್ಟು ಸಲ ಕೆಡುತ್ತಮ್ಮ? ನಮ್ಮನೆ ಮಿಕ್ಸಿ ನನ್ನ ಮದುವೇದು. ಇನ್ನೂ ತಿರುಗ್ತಿದೆ."

ಅಷ್ಟರಲ್ಲಿ ಗಡಿಯಾರದ ಮಾಮ ಒಳಗೆ ಬಂದರು. ಗಂಡನ ಅಂಗಡಿಗೆ ಅಂಟಿಕೊಂಡಂತೆ ಅವರ ಗಡಿಯಾರ ರಿಪೇರಿಯ ಗೂಡು. ಇಡೀ ಬೀದಿಗೆ ಅವರು ಮಾಮ. ನಿನ್ನೆಯಿಂದ ಓಡಾಟವೆಲ್ಲ ಅವರದೇ.

"ಫೋಟೋ ಸಿಕ್ತಮ್ಮ," ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. "ಪ್ಲಾನ್ ಮೇಡಂ ಹತ್ರ ಒಂದಿದೆಯಂತೆ. ಮುಖ ಚೆನ್ನಾಗಿ ಬಂದಿದೆಯಂತೆ."

"ಫೋನಿಗೆ ಕಳಿಸೋಕೆ ಹೇಳಿ ಮಾಮ."

"ಹೇಳಿದೆ. ಇವತ್ತು ಕಳಿಸೋಕೆ ಆಗ್ತಾ ಇಲ್ವಂತೆ. ಮಿಷನ್ನೇ ಹೊತ್ಕೊಂಡು ಬರ್ತಾರಂತೆ." ಅವರು ಮುಂದಿನ ಕೋಣೆಯ ಕಡೆ ಒಮ್ಮೆ ನೋಡಿದರು. "ಬೇಡ ಅಂದ್ರೆ ಈಗಲೇ ಹೇಳಮ್ಮ. ದಾರೀಲೇ ತಡೀತೀನಿ."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಬರಲಿ," ಎಂದಳು.

*

ಮದುವೆಯಾದ ಹೊಸದರಲ್ಲಿ ರಜೆಯ ದಿನ ಅವಳು ಅಂಗಡಿಗೆ ಹೋಗಿ ಕೂರುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ವಾರವಿಡೀ ಪಿಸುಮಾತಿನಲ್ಲೇ ಕಳೆದವಳಿಗೆ ಅಂಗಡಿಯ ಗಲಾಟೆ ಹಿತವಾಗಿತ್ತು.

ಬೇರೆಯವರು ಕೈಬಿಟ್ಟ ಲ್ಯಾಪ್‌ಟಾಪುಗಳೇ ಅಲ್ಲಿಗೆ ಬರುತ್ತಿದ್ದುದು. ಮೂಲೆ ಒಡೆದವು, ಅಕ್ಷರ ಅಳಿಸಿದವು, ಒಂದು ಕೀಲು ಸಡಿಲವಾಗಿ ಮುಚ್ಚಳ ಓಲಾಡುವವು. ಹೆಚ್ಚಿನವರ ದೂರು ಒಂದೇ: ಒಳಗಿನದನ್ನೆಲ್ಲ ಹೊಸದಾಗಿ ಹಾಕಿಸಿದ ಮೇಲೆ ಟಚ್‌ಪ್ಯಾಡ್ ಮಾತು ಕೇಳುತ್ತಿಲ್ಲ.

"ಡ್ರೈವರ್ ಅಂದ್ರೆ ದುಭಾಷಿ ಕಣೇ," ಎಂದು ಅವನು ಹೇಳಿಕೊಟ್ಟಿದ್ದ. "ನಿನ್ನ ಬೆರಳಿಗೆ ಒಂದು ಭಾಷೆ, ಯಂತ್ರಕ್ಕೆ ಒಂದು ಭಾಷೆ. ನಡುವೆ ಇವನು. ಹೊಸ ದುಭಾಷಿ ಜಾಣನೇ ಇರಬಹುದು. ಆದ್ರೆ ಈ ಮುದುಕನ ಮಾತು ಅವನಿಗೆ ತಿಳಿಯಲ್ಲ."

ಅವಳು ಕೇಳಲಿಲ್ಲ. ಒಂದು ಸಲ ಅವನು ಹೊರಗೆ ಹೋದಾಗ, ಟೈಲರ್ ಒಬ್ಬನ ಲ್ಯಾಪ್‌ಟಾಪಿಗೆ ಎಲ್ಲಕ್ಕಿಂತ ಹೊಸ ಡ್ರೈವರನ್ನೇ ಹುಡುಕಿ ಹಾಕಿದಳು. ಬಾಣವೇನೋ ಓಡಾಡಿತು. ಎರಡು ಬೆರಳಿಟ್ಟು ಪುಟ ಸರಿಸಲು ಹೋದರೆ ಏನೂ ಇಲ್ಲ. ಸೆಟಿಂಗ್ಸ್ ತೆರೆದರೆ ಟಚ್‌ಪ್ಯಾಡಿನ ಪುಟವೇ ಮಾಯ. ಅವನು ಬಂದು ನೋಡಿ, ಬೈಯಲಿಲ್ಲ. ಹೊಸದನ್ನು ಕಿತ್ತು, ಯಂತ್ರವನ್ನು ಆರಿಸಿ ಹಚ್ಚಿ, ಲ್ಯಾಪ್‌ಟಾಪಿನ ಹೊಟ್ಟೆ ಮೇಲಿದ್ದ ಮಾದರಿಯ ಹೆಸರನ್ನು ಟಾರ್ಚ್ ಹಿಡಿದು ಓದಿ, ಆ ಮಾದರಿಗೆಂದೇ ಮಾಡಿದ್ದ ಹಳೆಯ ಡ್ರೈವರನ್ನು ಹುಡುಕಿ ಹಾಕಿ, ಮತ್ತೆ ಆರಿಸಿ ಹಚ್ಚಿದ. ಟಚ್‌ಪ್ಯಾಡಿನ ಪುಟ ವಾಪಸು ಬಂತು.

"ಆಯ್ತಾ?"

"ಎಲ್ಲಾಯ್ತು? ಹಾಕೋದು ಅರ್ಧ ಕೆಲಸ. ಚಿಲಕ ಹಾಕದೆ ಕಳಿಸಿದ್ರೆ ಅಪ್‌ಡೇಟ್ ಒಳಗೆ ನುಗ್ಗಿ ನಮ್ಮವನನ್ನ ಆಚೆ ಹಾಕುತ್ತೆ. ಮುಂದಿನ ವಾರ ಇದೇ ಯಂತ್ರ, ಇದೇ ಟೈಲರ್, ಇದೇ ಗಲಾಟೆ." ಎಂದು ಅಪ್‌ಡೇಟ್ ಆ ಡ್ರೈವರನ್ನು ಮುಟ್ಟದ ಹಾಗೆ ತಡೆಹಾಕಿದ. ಅವರಿಬ್ಬರ ಮಾತಿನಲ್ಲಿ ಅದಕ್ಕೆ ಚಿಲಕ ಎಂದೇ ಹೆಸರಾಯಿತು.

ಕೊನೆಗೆ ಗಿರಾಕಿಯನ್ನು ಕೂರಿಸಿ, "ಎಲ್ಲಿ, ಬೆರಳಾಡಿಸಿ," ಎನ್ನುತ್ತಿದ್ದ. ಕತ್ತರಿ ಹಿಡಿದು ಗಟ್ಟಿಯಾದ ಬೆರಳಿಗೆ ಒಂದು ಒತ್ತಡ, ಉಗುರು ಬೆಳೆಸಿದ ಬೆರಳಿಗೆ ಇನ್ನೊಂದು. ಅವರು ನಗುವ ತನಕ ಕೂದಲೆಳೆಯಷ್ಟೇ ಆಚೀಚೆ ಸರಿಸುತ್ತಿದ್ದ.

"ಭವಿಷ್ಯ ಹೇಳೋರ ಹಾಗೆ ಎಲ್ಲರ ಕೈ ನೋಡ್ತೀರಲ್ರೀ. ನನ್ನ ಕೈ ಯಾವಾಗ ನೋಡೋದು?"

"ನಿನ್ನ ಕೈ ಮಾತು ಎಲ್ಲ ಯಂತ್ರಾನೂ ಕೇಳುತ್ತೆ. ಅದರಲ್ಲಿ ನೋಡೋದೇನಿದೆ?"

ಆಗ ಅದು ಹೊಗಳಿಕೆಯಾಗಿ ಕೇಳಿಸಿತ್ತು.

*

ಪ್ಲಾನ್ ಮೇಡಂ ಹೊಸ್ತಿಲು ದಾಟುತ್ತಿದ್ದಂತೆ ಮುಂದಿನ ಕೋಣೆಯ ಮಾತು ಸ್ವಿಚ್ ಆರಿಸಿದ ಹಾಗೆ ನಿಂತಿತು.

ಅವಳು ಒಳಬಾಗಿಲಲ್ಲಿ ನಿಂತು ನೋಡಿದಳು. ಇಷ್ಟು ದಿನ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹೆಂಗಸೇ ಬೇರೆ. ಈಕೆಗೆ ಅರ್ಧ ತಲೆ ನರೆತಿತ್ತು. ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. ಕಾಲಲ್ಲಿ ಗಟ್ಟಿ ಅಟ್ಟೆಯ ಷೂ. ಚೆಲುವೆಯಾಗಿದ್ದಿದ್ದರೆ ಸುಲಭವಾಗುತ್ತಿತ್ತು ಎನಿಸಿತು. ಚೆಲುವಿಗೆ ಸೋಲುವುದಕ್ಕೆ ಒಂದು ಕಾರಣವಾದರೂ ಇರುತ್ತದೆ.

ಮೇಡಂ ಲ್ಯಾಪ್‌ಟಾಪಿನ ಚೀಲವನ್ನು ಕುರ್ಚಿಯ ಮೇಲಿಟ್ಟು ಅವನ ಹತ್ತಿರ ಹೋದರು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು. ಅಳಲಿಲ್ಲ.

"ಕೈ ಕಟ್ಕೊಂಡು ನಿಂತಿರೋದು ನೋಡು," ಎಂದು ಚಿಕ್ಕಮ್ಮ ನೆರೆಯಾಕೆಯ ಕಿವಿಯಲ್ಲಿ ಅಂದದ್ದು ಎಲ್ಲರಿಗೂ ಕೇಳಿಸಿತು. "ತಪಾಸಣೆಗೆ ಬಂದೋರ ಹಾಗೆ."

ಒಳಕೋಣೆಯ ಮೇಜಿನ ಮೇಲೆ ಮೈದುನ ಚೀಲದಿಂದ ಲ್ಯಾಪ್‌ಟಾಪ್ ತೆಗೆದಿಟ್ಟ. ಅವಳು ಒಂದು ಕ್ಷಣ ತಬ್ಬಿಬ್ಬಾದಳು. ಮನೆಯ ಲ್ಯಾಪ್‌ಟಾಪೂ ಅದೇ. ಅದೇ ಬೂದು ಮುಚ್ಚಳ, ಅದೇ ದಪ್ಪ ಅಂಚು, ಟಚ್‌ಪ್ಯಾಡಿನ ಕೆಳಗೆ ಅವೇ ಎರಡು ಗುಂಡಿಗಳು. ಅಕ್ಕಪಕ್ಕ ಇಟ್ಟರೆ ಅವಳಿಜವಳಿ.

"ಕ್ಯಾಮೆರಾ ಅಂತ ಒಂದು ಫೋಲ್ಡರ್ ಇದೆ," ಎಂದರು ಮೇಡಂ ಬಾಗಿಲ ಬಳಿಯಿಂದ. ಕೈ ಇನ್ನೂ ಕಂಕುಳಲ್ಲೇ ಇತ್ತು. "ನೀವೇ ತೆಗೀರಿ."

ಒಂದೇ ಫೋಟೋ ಇತ್ತು. ಅವಳು ತೆರೆದಳು.

ಅವನು ನಗುತ್ತಿದ್ದ. ಲ್ಯಾಪ್‌ಟಾಪಿನ ಕಣ್ಣಿಗೇ ಮುಖ ಕೊಟ್ಟು, ಕೈ ಅಡ್ಡ ಹಿಡಿಯದೆ, ಹಲ್ಲು ಬಿಟ್ಟು. ಮುರಿದ ಹಲ್ಲು ಎಲ್ಲರ ಎದುರು ರಾಜನ ಹಾಗೆ ಕೂತಿತ್ತು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ. ಅಂಗಿಯ ಕಾಲರಿನ ಹೊಲಿಗೆಯೂ ಎಣಿಸುವಷ್ಟು ಸ್ಪಷ್ಟ. ಇಡೀ ಚಿತ್ರದಲ್ಲಿ ಮಸುಕಾಗಿದ್ದುದು ಒಂದೇ: ಬಲ ಅಂಚಿನಿಂದ ಒಳಗೆ ಚಾಚಿ, ಅವನ ಭುಜದ ಹತ್ತಿರಕ್ಕೆ ಬಂದಿದ್ದ ಹೆಂಗಸೊಬ್ಬಳ ಕೈ.

"ಅಣ್ಣ," ಎಂದ ಮೈದುನ.

ಚಿಕ್ಕಮ್ಮ ಅವನ ಹೆಗಲ ಮೇಲಿಂದ ಇಣುಕಿದರು. "ಚೆನ್ನಾಗಿದೆ. ಜೀವ ಇದೆ. ಆ ಕೈ ಯಾರದು?"



"ನಂದು," ಎಂದರು ಮೇಡಂ.

"ಹೂಂ."

ಮುಂದಿನ ಕೋಣೆಯಿಂದ ಅತ್ತೆಯ ದನಿ ಬಂತು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. "ಆ ತಾಯೀನ ಇಲ್ಲಿ ಕಳಿಸ್ರೋ. ನಾನು ಕೇಳ್ಬೇಕು. ಕೊನೇಲಿ ಏನಾದ್ರೂ ಅಂದ್ನಾ ಅಂತ."

ಮೇಡಂ ಹೋದರು. ಚಿಕ್ಕಮ್ಮ ಅವರ ಬೆನ್ನಿಗೇ ಹೋದರು. ಅಂಥ ಮಾತನ್ನು ತಪ್ಪಿಸಿಕೊಳ್ಳುವವರಲ್ಲ. ಸ್ಟುಡಿಯೋದವನಿಗೆ ಕೊಡಲು ಪೆನ್‌ಡ್ರೈವ್ ತರುತ್ತೇನೆಂದು ಮೈದುನ ಹೊರಟ.

"ಏನೂ ಹೇಳಲಿಲ್ಲಮ್ಮ," ಎನ್ನುತ್ತಿದ್ದರು ಮೇಡಂ ಗೋಡೆಯಾಚೆ. "ಮೆಟ್ಟಿಲ ಮೇಲೆ ಚೀಲ ಇಟ್ಟು, ಪಕ್ಕದಲ್ಲೇ ಕೂತ್ರು. ನೀರು ತರ್ತೀನಿ ಅಂದೆ. ತಲೆ ಆಡಿಸಿದ್ರು. ತರೋಷ್ಟರಲ್ಲಿ..."

ತಲೆ ಆಡಿಸಿದ್ದನ್ನೂ ಇವಳೇ ನೋಡಿದಳು, ಎಂದುಕೊಂಡಳು ಅವಳು. ಅದೂ ಇವಳಿಗೇ ಸಿಕ್ಕಿತು.

*

ಮೊದಲ ಸಲ ಅವನು ಆ ಮನೆಗೆ ಹೋದದ್ದು ಕಳೆದ ವರ್ಷ. ಬಂದು ಊಟಕ್ಕೆ ಕೂತು, "ಪ್ಲಾನ್ ಹಾಕೋ ಮೇಡಂ ಒಬ್ರು. ಅವರ ಪ್ರೋಗ್ರಾಂ ಹಳೇ ಲ್ಯಾಪ್‌ಟಾಪಲ್ಲಿ ಮಾತ್ರ ನಡೆಯೋದು. ಟಚ್‌ಪ್ಯಾಡ್ ಕೈಕೊಟ್ಟಿತ್ತು. ಡ್ರೈವರ್ ಹಾಕಿ ಬಂದೆ," ಎಂದಿದ್ದ. ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಂದಿನ ತಿಂಗಳು ಮತ್ತೆ ಹೋದ. ಆಮೇಲೆ ಇನ್ನೂ ಬೇಗ ಬೇಗ. ಅಂಗಡಿಯಲ್ಲಿ ಜನ ಕಾಯುತ್ತಿದ್ದರೂ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ.

"ಏನ್ರೀ, ಆ ಮನೇಲಿ ಚಿಲಕ ಹಾಕೋಕೆ ಮರೆತ್ರಾ?" ಎಂದು ಕೇಳಿದ್ದಳು, ನಗುತ್ತಲೇ.

"ಅದು ಬೇರೆ ಥರ ಯಂತ್ರ."

"ಯಂತ್ರ ಬೇರೆ ಥರವೋ, ಮೇಡಂ ಬೇರೆ ಥರವೋ?"

ಅವನು ಅನ್ನ ಕಲಸುತ್ತ ಕೂತ. ಹೊಟ್ಟೆಯಲ್ಲಿ ಒಂದು ಮಾತು ಉಳಿಯದ ಮನುಷ್ಯ. ಅವಳಿಗೆಂದು ಒಂದು ಪೆನ್ನು ತಂದರೂ ಬಾಗಿಲಲ್ಲೇ, "ಚೀಲದಲ್ಲಿ ಏನಿದೆ ಹೇಳು," ಎಂದು ತಾನೇ ಬಾಯಿ ಬಿಡುತ್ತಿದ್ದವನು. ಅಂಥವನು ಸುಮ್ಮನಿದ್ದದ್ದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವಾಗಲೂ ಕೈ ನಿಂತು, ಈಗ ಅಲ್ಲಿರಬಹುದಾ ಎಂದು ಲೆಕ್ಕ ಹಾಕುವಳು. ಅಂಗಡಿಗೆ ಫೋನ್ ಮಾಡಿ, ಮಾಮ ಎತ್ತಿಕೊಂಡು "ಈಗಷ್ಟೇ ಹೊರಗೆ ಹೋದನಲ್ಲಮ್ಮ" ಎಂದರೆ ಎಲ್ಲಿಗೆಂದು ಕೇಳುತ್ತಿರಲಿಲ್ಲ. ಕೇಳಿದರೆ ಸಣ್ಣವಳಾಗುತ್ತೇನೆಂಬ ಹಟ.

ಅದೇ ದಿನಗಳಲ್ಲಿ ಅವನು ಎಲ್ಲಿಂದಲೋ ಈ ಬೂದು ಲ್ಯಾಪ್‌ಟಾಪ್ ತಂದ. "ಮನೇಲಿ ಇರಲಿ, ನಿನಗೂ ಆಗುತ್ತೆ," ಎಂದ. ಅವಳಿಗೆ ಅದರಿಂದ ಒಂದು ದಿನವೂ ಉಪಯೋಗವಾಗಲಿಲ್ಲ. ಸಂಜೆ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು, ಒಂದು ಡ್ರೈವರ್ ಕಿತ್ತು ಇನ್ನೊಂದು ಹಾಕಿ, ಆ ಸೆಟಿಂಗ್ ಈ ಸೆಟಿಂಗ್ ಎಂದು ತಿರುಚುತ್ತ, ಟಚ್‌ಪ್ಯಾಡಿನ ಮೇಲೆ ಬೆರಳನ್ನು ಗಡಗಡ ನಡುಗಿಸುತ್ತ ಕೂತಿರುತ್ತಿದ್ದ.

"ಏನ್ರೀ ಅದು, ಚಳಿಜ್ವರಾನಾ?"

"ನಡುಗಿದ್ರೂ ಬಾಣ ಓಡಬಾರದು. ಆಗುತ್ತಾ ನೋಡ್ತಿದ್ದೀನಿ."

"ಯಾಕೆ?"

"ಸುಮ್ನೆ."

ಆ 'ಸುಮ್ನೆ'ಯ ಮೇಲೆ ಅವಳು ಎದ್ದು ಹೋಗಿ ಮಲಗಿಬಿಟ್ಟಿದ್ದಳು.

*

ಅವಳು ಫೋಟೋವನ್ನು ಕೆಳಗಿಳಿಸಿ, ಮೇಡಂನ ಯಂತ್ರದ ಒಳಪುಟಗಳನ್ನು ತೆರೆದಳು. ಅವನು ಕಲಿಸಿದ ದಾರಿ, ಬೆರಳಿಗೆ ನೆನಪಿತ್ತು. ಅವಳಿಗೆ ತಿಳಿಯಬೇಕಾಗಿದ್ದುದು ಇಷ್ಟೇ: ಚಿಲಕ ಹಾಕಿದ್ದನೋ ಇಲ್ಲವೋ. ಹಾಕಿರದಿದ್ದರೆ ಅಪ್‌ಡೇಟ್ ನುಗ್ಗಿ ಮತ್ತೆ ಮತ್ತೆ ಕೆಟ್ಟಿತು, ಮತ್ತೆ ಮತ್ತೆ ಹೋದ, ಅದೊಂದು ಮರೆವು. ಮರೆವನ್ನು ಕ್ಷಮಿಸಿ ಕಳಿಸಿಕೊಡಬಹುದು.

ಚಿಲಕ ಬಿದ್ದಿತ್ತು.

ಡ್ರೈವರ್ ಹಳೆಯದೇ. ಹಾಕಿದ ತಾರೀಕು ಅವನು ಮೊದಲ ಸಲ ಆ ಮನೆಗೆ ಹೋದ ದಿನಗಳದ್ದೇ. ಅಲ್ಲಿಂದೀಚೆಗೆ ಅದನ್ನು ಯಾರೂ, ಯಾವ ಅಪ್‌ಡೇಟೂ ಕದಲಿಸಿರಲಿಲ್ಲ. ಈ ಯಂತ್ರ ಒಂದು ಸಲ ಸರಿಯಾದ ಮೇಲೆ ಮತ್ತೆ ಕೆಡಲೇ ಇಲ್ಲ.

ಬಾಗಿಲ ಕಡೆಯಿಂದ ಕಟಕಟ ಸದ್ದು ಬಂತು. ಮೇಡಂ ನಿಂತಿದ್ದರು. ಯಾರೋ ಒತ್ತಾಯ ಮಾಡಿ ಕೈಗೆ ಟೀ ಕೊಟ್ಟಿರಬೇಕು. ಕಪ್ಪು ಸಾಸರಿನ ಮೇಲೆ ಹಲ್ಲು ಕಡಿಯುತ್ತಿರುವ ಹಾಗೆ ಸದ್ದು ಮಾಡುತ್ತಿತ್ತು. ಅವಳು ತಲೆಯೆತ್ತಿ ಕಪ್ಪನ್ನು ನೋಡಲಿಲ್ಲ, ಮುಖವನ್ನೇ ನೋಡಿದಳು.

"ಡ್ರೈವರ್ ಹಾಕಿದ ಮೇಲೆ ಇದು ಕೆಟ್ಟೇ ಇಲ್ಲ ಮೇಡಂ. ಅವರು ಯಾಕೆ ಬರ್ತಿದ್ರು?"

ಮೇಡಂ ಭುಜದಿಂದ ಬಾಗಿಲು ನೂಕಿ ಮುಚ್ಚಿದರು. ಕಪ್ಪನ್ನು ಮೇಜಿನ ಮೇಲಿಡುವಷ್ಟರಲ್ಲಿ ಅರ್ಧ ಟೀ ಸಾಸರಿನಲ್ಲಿತ್ತು. ಆಮೇಲೆ ಬಲಗೈಯನ್ನು ಅವಳ ಮುಂದೆ ಚಾಚಿ ಹಿಡಿದರು.

ಕೈ ನಡುಗುತ್ತಿತ್ತು. ದುಃಖಕ್ಕೆ ನಡುಗುವ ಹಾಗಲ್ಲ. ಒಳಗೆ ಪುಟ್ಟ ಮೋಟರೊಂದು ಓಡುತ್ತಿರುವ ಹಾಗೆ, ತನ್ನದೇ ಒಂದು ಲಯದಲ್ಲಿ, ಯಾರ ಹಂಗೂ ಇಲ್ಲದೆ.

"ಯಂತ್ರ ಕೆಡಲಿಲ್ಲ," ಎಂದರು. "ಇದು ಕೆಡ್ತಾ ಹೋಯ್ತು. ಮೌಸ್ ಹಿಡಿದ್ರೆ ಮೌಸೇ ಕುಣಿಯುತ್ತೆ. ಟಚ್‌ಪ್ಯಾಡಾದ್ರೆ ಅಂಗೈ ಊರಿ ಒಂದು ಬೆರಳು ಆಡಿಸ್ಬಹುದು. ಆದ್ರೆ ಆ ಬೆರಳೂ ಸುಮ್ನಿರಬೇಕಲ್ಲ? ಅದಕ್ಕೆ ಒತ್ತಡ ಎಷ್ಟು, ವೇಗ ಎಷ್ಟು ಅಂತ ನಿಮ್ಮನೆಯವರು ಅಳತೆ ಮಾಡಿ ಕೂರಿಸ್ತಿದ್ರು. ಗೆರೆ ನೆಟ್ಟಗೆ ಬರೋದು. ಸ್ವಲ್ಪ ದಿನ ಆದ್ಮೇಲೆ ನನ್ನ ಕೈ ಇನ್ನಷ್ಟು ಕೆಡೋದು. ಮತ್ತೆ ಕರೆಯೋಳು."

"ನನಗೆ ಹೇಳಲಿಲ್ಲ."

"ಯಾರಿಗೂ ಹೇಳಬೇಡಿ ಅಂತ ನಾನೇ ಮಾತು ತಗೊಂಡಿದ್ದೆ. ಕೈ ನಡುಗೋಳ ಹತ್ರ ಮನೆ ಪ್ಲಾನ್ ಯಾರು ಹಾಕಿಸ್ತಾರೆ?"

"ಯಾರಿಗೂ ಅಂದ್ರೆ ಹೆಂಡತಿಗೂನಾ?"

ಮೇಡಂ ಸುಳ್ಳು ಹೇಳಬಹುದಾಗಿತ್ತು. "ನಾನು ಯಾರಿಗೂ ಅಂದೆ. ಅವರು ಹಾಗೇ ತಗೊಂಡ್ರು."

ನಿಮ್ಮ ವಿಷಯ ತುಂಬ ಹೇಳುತ್ತಿದ್ದರು ಎಂದು ಮೇಡಂ ಈಗ ಹೇಳಬಹುದು ಎಂದು ಅವಳು ಕಾದಳು. ಬೆಳಗಿನಿಂದ ಬಂದವರೆಲ್ಲ ಅದನ್ನು ಹೇಳಿದ್ದರು. ಮೇಡಂ ಹೇಳಲಿಲ್ಲ.

"ಯಾಕೆ ನಗ್ತಿದ್ರು?" ಎಂದು ಕೇಳಿದಳು. "ಫೋಟೋದಲ್ಲಿ."

"ಕ್ಯಾಮೆರಾಗೂ ಡ್ರೈವರ್ ಹಾಕಿದ್ರು. ಪರೀಕ್ಷೆ ಮಾಡೋಣ, ಬಟನ್ ನೀವೇ ಒತ್ತಿ ಅಂದ್ರು. ನಾನು ಪಕ್ಕದಿಂದ ಕೈ ಚಾಚಿದೆ. ಬೆರಳು ಆ ಬಟನ್ ಒಂದು ಬಿಟ್ಟು ಸುತ್ತ ಇರೋದೆಲ್ಲ ಒತ್ತಿತು. ಹೆಲ್ಪ್ ಕಿಟಕಿ ತೆರೀತು, ಹಾಡು ಶುರುವಾಯ್ತು, ಪರದೆ ತಲೆಕೆಳಗಾಯ್ತು. ನಂಗೇ ನಗು ಬಂತು. ಎಷ್ಟೋ ದಿನ ಆಗಿತ್ತು ನಕ್ಕು. ನಾನು ನಕ್ಕ ಮೇಲೆ ಅವರೂ ನಕ್ರು."

ಅವಳು ಮೇಜಿನ ಇನ್ನೊಂದು ಬದಿಗಿದ್ದ ಮನೆಯ ಲ್ಯಾಪ್‌ಟಾಪನ್ನು ನೋಡಿದಳು. ಅದೇ ಬೂದು, ಅದೇ ಮಾದರಿ. ಬೆಳಗ್ಗೆಯಿಂದ ಅವಳನ್ನು ಅಷ್ಟು ಗೋಳು ಹೊಯ್ದುಕೊಂಡದ್ದು ಯಾಕೆಂದು ಈಗ ತಿಳಿಯಿತು. ಆ ಮನೆಗೆ ಹೊರಡುವ ಮುಂಚೆ ಅವನು ಎಲ್ಲವನ್ನೂ ಇದರ ಮೇಲೆ ಮಾಡಿ ನೋಡುತ್ತಿದ್ದ. ಹೊಂದದ ಡ್ರೈವರು, ಹೆಚ್ಚಾದ ಒತ್ತಡ, ಕಡಿಮೆಯಾದ ವೇಗ, ತಪ್ಪಿದ್ದೆಲ್ಲ ಇಲ್ಲೇ ಉಳಿಯಿತು. ಸರಿಯಾದದ್ದು ಚೀಲ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಯಿತು.

"ಪ್ರತಿ ಸಲ ಬಂದ ಕೂಡ್ಲೆ ಸರಿ ಮಾಡಿಬಿಡ್ತಿದ್ರು," ಎನ್ನುತ್ತಿದ್ದರು ಮೇಡಂ. "ಹೇಗೆ ಗೊತ್ತಾಗುತ್ತೆ ಅಂತ ಕೇಳ್ತಿದ್ದೆ. ಅಂದಾಜು ಅನ್ನೋರು."

ಅಂದಾಜಲ್ಲ. ಸಂಜೆ ಸಂಜೆ ಊಟದ ಮೇಜಿನ ಮೇಲೆ, ತನ್ನ ಗಟ್ಟಿಮುಟ್ಟಾದ ಬೆರಳನ್ನು ಈ ಹೆಂಗಸಿನ ಬೆರಳು ಮಾಡಿಕೊಂಡು ನಡುಗಿಸುತ್ತಿದ್ದ. ಅವಳು ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಇಷ್ಟಾದರೂ ತನ್ನ ಬಳಿ ಇರಲಿ.

ಇನ್ನು ಮುಂದೆ ಈ ಕೈಗೆ ತಕ್ಕ ಹಾಗೆ ಈ ಯಂತ್ರವನ್ನು ತಿರುಗಿಸಿ ಕೂರಿಸುವವರು ಯಾರು ಎಂಬ ಪ್ರಶ್ನೆ ಇಬ್ಬರ ನಡುವೆ ಬಂದು ನಿಂತಿತು. ಮೇಡಂ ಕೇಳಲಿಲ್ಲ. ಅವಳೂ ಎತ್ತಲಿಲ್ಲ.

ಹೊರಗಿನಿಂದ ಮೈದುನ ಬಾಗಿಲು ತಟ್ಟಿದ. "ಅತ್ತಿಗೆ, ಸ್ಟುಡಿಯೋದವನು ಕಾಯ್ತಿದ್ದಾನೆ."

"ಆ ಕೈ ತೆಗೆದುಬಿಡಿ," ಎಂದರು ಮೇಡಂ. "ಅಷ್ಟು ಕತ್ತರಿಸಿದ್ರೆ ಆಯ್ತು."

"ನೀವೇ ಕತ್ತರಿಸಿ. ದಿನಾ ಗೆರೆ ಹಾಕೋರು."

"ಇವತ್ತು ಆಗ್ತಿಲ್ಲ. ಫೋಟೋ ಕಳಿಸೋಕೂ ಆಗ್ಲಿಲ್ಲ."

ಅವಳು ಫೋಟೋವನ್ನು ಮತ್ತೆ ತೆರೆದು ದೊಡ್ಡದು ಮಾಡಿದಳು. ಎಡಗೈಯಿಂದ ಗುಂಡಿ ಒತ್ತಿ ಹಿಡಿದು, ಬಲಗೈಯ ಬೆರಳನ್ನು ಟಚ್‌ಪ್ಯಾಡಿನ ಮೇಲಿಟ್ಟಾಗ ತನ್ನ ಕೈ ಕಂಡಿತು. ಅದು ನಡುಗುತ್ತಿತ್ತು. ಯಾವಾಗಿನಿಂದಲೋ. ನಿನ್ನೆ ಫೋನ್ ಕೆಳಗಿಟ್ಟಾಗಿನಿಂದಲೇ ಇರಬೇಕು. ಬೆಳಗ್ಗೆ ಆ ಯಂತ್ರದ ಮೇಲೂ ಇದೇ ಕೈ ಇಟ್ಟಿದ್ದಳು. ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲವೆಂದು ಅವಳನ್ನು ಎಲ್ಲರೂ ಕಲ್ಲು ಎಂದುಕೊಂಡಿದ್ದರು, ಅವಳೂ ಹಾಗೇ ಎಂದುಕೊಂಡಿದ್ದಳು.

ಪರದೆಯ ಮೇಲೆ ಬಾಣ ನಡುಗಲಿಲ್ಲ.

ಅವಳು ಬೆರಳೆಳೆದಳು. ಬೆರಳು ಅದುರುತ್ತಲೇ ಹೋಯಿತು. ಬಾಣ ಮಾತ್ರ, ಯಾರೋ ಅವಳ ಮುಂಗೈ ಹಿಡಿದು ನಡೆಸಿದ ಹಾಗೆ, ನಿಧಾನವಾಗಿ, ಒಂದೇ ಹದದಲ್ಲಿ ಚಿತ್ರದ ಎಡಮೂಲೆಯಿಂದ ಹೊರಟಿತು. ನಿನ್ನ ಕೈಯಲ್ಲಿ ನೋಡೋದೇನಿದೆ ಎಂದಿದ್ದ. ಇದು ಇನ್ನೊಬ್ಬಳ ಕೈಗೆಂದು ಕೂರಿಸಿದ್ದು. ಇವತ್ತು, ಕೇಳದೆಯೇ, ಅವಳ ಕೈಗೂ ಆಯಿತು. ಉಳಿಸಿಕೊಳ್ಳುವ ಭಾಗದ ಸುತ್ತ ಮೂಡುತ್ತಿದ್ದ ಚೌಕದ ಅಂಚು ಅವನ ಕಿವಿ ದಾಟಿತು, ಕತ್ತು ದಾಟಿತು, ಭುಜದ ಮೇಲೆ ಬಂತು. ಭುಜ ಮುಗಿಯುವ ಜಾಗದಲ್ಲಿ, ಅಂಗಿಗೆ ತಾಗಿದಂತೆಯೂ ತಾಗದಂತೆಯೂ, ಆ ಮಸುಕು ಬೆರಳು.

ಕೈ ಪೂರ್ತಿ ಹೋಗಬೇಕಾದರೆ ಅವನ ಭುಜದ ಒಂದು ಪಟ್ಟಿಯೂ ಹೋಗಬೇಕು.

ಅವಳು ಬಾಣವನ್ನು ಅಲ್ಲೇ ನಿಲ್ಲಿಸಿಕೊಂಡು ಕೂತಳು. ಕೂದಲೆಳೆ ಈಚೆ ತಂದಳು. ಕೂದಲೆಳೆ ಆಚೆ ಕಳಿಸಿದಳು. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಂತಿತು.

"ಕತ್ತರಿಸಿಬಿಡಿ," ಎಂದರು ಮೇಡಂ.

ಅವಳು ಗುಂಡಿ ಬಿಟ್ಟಳು.

*

ವಾಹನ ಬಂದಾಗ ಬೀದಿಯವರೆಲ್ಲ ಸೇರಿದ್ದರು. ಗಡಿಯಾರದ ಮಾಮ ತಮ್ಮ ಗೂಡು ಮುಚ್ಚಿ ಬಂದು ಬಾಗಿಲಲ್ಲಿ ನಿಂತಿದ್ದರು. ಪ್ಲಾನ್ ಮೇಡಂ ಚೀಲ ಎದೆಗೊತ್ತಿಕೊಂಡು ಎಲ್ಲರಿಗಿಂತ ಹಿಂದೆ, ಎದುರುಮನೆಯ ಗೋಡೆಯ ಪಕ್ಕ ನಿಂತಿದ್ದರು.

ಚೌಕಟ್ಟು ಹಾಕಿದ ಫೋಟೋವನ್ನು ಮೈದುನ ತಂದು ಅವಳ ಮಡಿಲಲ್ಲಿಟ್ಟ. ಅತ್ತೆ ಬಗ್ಗಿ ನೋಡಿ, ಮುರಿದ ಹಲ್ಲಿನ ಮೇಲೆ ಬೆರಳಿಟ್ಟರು. "ಹೊಸ ಸೈಕಲ್ಲಿಂದ ಬಿದ್ದು ಮುರ್ಕೊಂಡಿದ್ದ. ಇದನ್ನ ತೋರಿಸಿ ನಕ್ಕಿದ್ದು ನೋಡೇ ಇರ್ಲಿಲ್ಲ ಆಮೇಲೆ," ಎಂದರು.

ಚಿಕ್ಕಮ್ಮ ಪಕ್ಕದಲ್ಲೇ ಇದ್ದರು. ಮೊದಲು ಫೋಟೋವನ್ನೂ, ಆಮೇಲೆ ಎದುರುಮನೆಯ ಗೋಡೆಯ ಕಡೆಯೂ ನೋಡಿದರು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಅಲ್ಲಿ ಅವನಿಗೆ ನಿಜವಾಗ್ಲೂ ಕೆಲಸ ಇತ್ತಾ?"

"ಇತ್ತು."

"ನಿಂಗೆ ಹೇಗೆ ಗೊತ್ತು?"

"ಯಂತ್ರ ಬಿಚ್ಚಿ ನೋಡಿದೆ ಚಿಕ್ಕಮ್ಮ. ಅವರ ಕೆಲಸ ನನಗೆ ಗೊತ್ತಾಗುತ್ತೆ."

"ಅಂಥಾದ್ದೇನಾಗಿತ್ತು ಅದಕ್ಕೆ?"

ಅವಳು ಗೋಡೆಯ ಪಕ್ಕ ನಿಂತವರನ್ನು ನೋಡಿದಳು. ಚೀಲದ ಮೇಲೆ ಬಿಗಿದಿದ್ದ ಬೆರಳುಗಳನ್ನು ನೋಡಿದಳು.

"ಹಳೇ ಯಂತ್ರ," ಎಂದಳು. "ಏನಾದ್ರೂ ಒಂದು ಇರ್ತಿತ್ತು."

ಚಿಕ್ಕಮ್ಮ ಒಪ್ಪಿದರೋ ಇಲ್ಲವೋ, ಕರವಸ್ತ್ರ ತೆಗೆದು ಫೋಟೋದ ಗಾಜಿನ ಮೇಲೆ ಬಗ್ಗಿದರು. "ಇಲ್ಲೇನೋ ಕಲೆ ಆಗಿದೆ ನೋಡು, ಭುಜದ ಪಕ್ಕ. ಸ್ಟುಡಿಯೋದವನ ಕೈಯದ್ದೇ ಇರ್ಬೇಕು." ಉಜ್ಜಿದರು. ಬಾಯಿಂದ ಉಸಿರು ಬಿಟ್ಟು ಇನ್ನೊಮ್ಮೆ ಉಜ್ಜಿದರು. ಗಾಜು ಮಂಜಾಗಿ ಮತ್ತೆ ತಿಳಿಯಾಯಿತು. ಭುಜದ ಪಕ್ಕದ ಮಸುಕು ಇದ್ದಲ್ಲೇ ಇತ್ತು.

"ಬಿಡಿ ಚಿಕ್ಕಮ್ಮ," ಎಂದಳು ಅವಳು. "ಅದು ಗಾಜಿನ ಒಳಗಿದೆ."

ಚಿಕ್ಕಮ್ಮ ಇನ್ನೂ ಉಜ್ಜುತ್ತಲೇ ಇದ್ದರು.